ಕಬ್ಬಿಣದಿಂದ ಕಳಚಿಕೊಂಡ ಕಾಂತ

‘ಅಯಸ್ಕಾಂತ’ವೆಂದರೆ ಅಯಸ್ಸಿನ ಕಾಂತ, ಕಬ್ಬಿಣ ಬಯಸಿದ ನಲ್ಲ. ಬಯಕೆಯ ‘ಕಮ್’ ಧಾತುವಿನಿಂದಲೇ ಕಾಮ, ಕಾಂತೆ, ಕಾಂತಿ, ಕಮನೀಯಗಳೂ ಹುಟ್ಟಿದವು. ವೇದಕಾಲದಲ್ಲಿ ಲೋಹವನ್ನಷ್ಟೇ ಸೂಚಿಸುತ್ತಿದ್ದ ‘ಅಯಸ್’ ಬರುಬರುತ್ತ ಕಬ್ಬಿಣದಲ್ಲಿ ನೆಲೆನಿಂತಿತು. ಕುಮಾರಸಂಭವದಲ್ಲಿ ಉಮೆಯ ರೂಪ ಶಿವನ ಮನಸ್ಸನ್ನು ಸೆಳೆಯಬೇಕಾದ ಬಗೆಗೆ ಕಾಳಿದಾಸ ಇದೇ ಕಲ್ಲನ್ನು ಉಪಮಾನವಾಗಿಸಿದಾಗ ಸಮಾಸದೊಳಗಿನ ಒಲವು ಇನ್ನೂ ಹಸಿಯಾಗಿತ್ತು. ವೈಶೇಷಿಕ ಸೂತ್ರಕಾರನ ಕಣ್ಣಿಗೆ ಬಿದ್ದದ್ದು ಅಯಸ್ಕಾಂತದತ್ತ ಸರಿಯುವ ಸೂಜಿ, ಅದರ ಹಿಂದಿನ ‘ಅದೃಷ್ಟ’ ಕಾರಣ. ನಮ್ಮ ‘ಸೂಜಿಗಲ್ಲಿ’ನಲ್ಲಿಯೂ ಸೂಜಿ ಉಳಿಯಿತು, ನಲ್ಲ ಉಳಿಯಲಿಲ್ಲ.

ಬಿಸಿಲು ತಾಕಿದರೆ ಕಿಡಿಯುಗುಳುವ ಸೂರ್ಯಕಾಂತ, ಬೆಳದಿಂಗಳಿಗೆ ಜಿನುಗುವ ಚಂದ್ರಕಾಂತ ಶಿಲೆಗಳಲ್ಲಿ ಕಾಂತ ಯಾರಾದರೊಬ್ಬರಿಗೆ ಕಾಂತನೇ. ಭೌತವಿಜ್ಞಾನ ಕನ್ನಡಕ್ಕೆ ಬಂದಾಗ ಈ ನಂಟು ಸಡಿಲಿತು: ಕಾಂತಕ್ಷೇತ್ರ, ಕಾಂತತ್ವ, ವಿದ್ಯುತ್ಕಾಂತೀಯ ಎಂಬಲ್ಲೆಲ್ಲ ಸಂಬಂಧವಾಚಿಯಾಗಿದ್ದ ಪದ ಗುಣವಾಚಿಯಾಯಿತು, ಸೆಳೆತಕ್ಕೆ ಹುಟ್ಟಿದ್ದು ವಿಕರ್ಷಣೆಗೂ ಒದಗಿತು.

ಈ ಅರ್ಥಪಲ್ಲಟವನ್ನು ಪರೀಕ್ಷೆಗೊಡ್ಡುವ ವಸ್ತುಗಳು ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿರುವ ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧವಾದವು. ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಅತಿವಾಹಕವು ತನ್ನೊಡಲಿನಿಂದ ಕಾಂತಕ್ಷೇತ್ರವನ್ನು ಹೊರನೂಕುತ್ತದೆಂಬುದು 1933ರಿಂದ ತಿಳಿದಿತ್ತು. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಎದುರುಬದುರು ಸ್ಪಿನ್ನಿನ ಜೋಡಿಗಳಾಗುತ್ತವೆ, ಫೆರೋಕಾಂತದಲ್ಲೋ ಸ್ಪಿನ್ನುಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುತ್ತವೆ; ಹಾಗಾಗಿ ಎರಡೂ ಒಂದೆಡೆ ಬಾಳುವುದು ಕಷ್ಟ. 1958ರಲ್ಲಿ ಬೆಲ್ ಲ್ಯಾಬ್ಸ್‌ನ ವಿಜ್ಞಾನಿಗಳಾದ ಮಥಾಯಸ್, ಸೂಲ್, ಕೋರೆನ್‌ಜ್ವಿಟ್ ಲ್ಯಾಂಥನಮ್‌ಗೆ ಬೇರೆ ಬೇರೆ ವಿರಳ ಭೂಧಾತುಗಳನ್ನು ಚೂರುಚೂರೇ ಬೆರೆಸಿ ನೋಡಿದಾಗ, ಅತಿವಾಹಕತೆಯನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿದ್ದು ದೊಡ್ಡ ಸ್ಪಿನ್ನಿನ ಗ್ಯಾಡೋಲಿನಿಯಂ.

1994ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಮರ್ರೆ ಹಿಲ್‌ನಲ್ಲಿ ರಾಬರ್ಟ್ ಕಾವಾ ಬಳಗದಲ್ಲೂ, ನಿಕ್ಕಲ್, ಬೋರಾನ್, ಇಂಗಾಲ ಕೂಡಿದ ಹೊಸ ಅತಿವಾಹಕಗಳು ಕಂಡವು. ವಿರಳ ಭೂಧಾತು ಮತ್ತು ಇಂಗಾಲದ ಒಂದು ಪದರ, ನಿಕ್ಕಲ್-ಬೋರಾನಿನ ಇನ್ನೊಂದು, ಹೀಗೆ ಒಂದರ ಮೇಲೊಂದು. ವಿರಳ ಭೂಧಾತುವಾಗಿ ಎರ್ಬಿಯಂ ಇರುವ ಹರಳು ಸುಮಾರು 11 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ, ಸುಮಾರು 2.3 ಕೆಲ್ವಿನ್‌ಗಿಂತ ಕೆಳಗೆ ಅದರಲ್ಲಿ ಕ್ಷೀಣ ಫೆರೋಕಾಂತತೆಯೂ ಮೂಡುತ್ತದೆ, ಆದರೂ ಅತಿವಾಹಕತೆ ಅಳಿಯುವುದಿಲ್ಲ.

ಈ ಹರಳಿನ ಸೂತ್ರದಲ್ಲಿ ಕಬ್ಬಿಣದ ಹೆಸರೇ ಇಲ್ಲ. ಲ್ಯಾಟಿನ್ನಿನ ಕಬ್ಬಿಣದಿಂದ ಬಂದ ‘ಫೆರೋ’ ಕೂಡ ಇಲ್ಲಿ ಲೋಹವನ್ನು ಮರೆತು, ಸ್ಪಿನ್ನುಗಳ ಒಗ್ಗಟ್ಟನ್ನಷ್ಟೇ ಹೇಳುತ್ತಿದೆ. ಹಾಗಾಗಿ ಅಯಸ್ಕಾಂತವೆಂಬ ಹಳೆಯ ಸಮಾಸವನ್ನು ಕಬ್ಬಿಣ ಸೆಳೆಯುವ ಕಲ್ಲಿಗೇ ಉಳಿಸಿ, ಇಂಥ ಹರಳುಗಳಿಗೆ ಬರಿಯ ‘ಕಾಂತ’ವನ್ನೇ ಬಳಸೋಣ: ಅಯಸ್ಸನ್ನು ಕಳಚಿಕೊಂಡ ಮೇಲೆಯೇ ಅದು ಎರ್ಬಿಯಂವರೆಗೆ ನಡೆದು ಬಂದದ್ದು.