ಆಡದೇ ಹೋದ ಸೀಸನ್

ನಮ್ಮೂರಲ್ಲಿ ಐಸ್ ಅಂದ್ರೆ ಜಾತ್ರೆಯ ಐಸ್ ಕ್ಯಾಂಡಿ ಅಷ್ಟೇ. ಅದರ ಮೇಲೆ ಹಾಕಿ ಆಡ್ತಾರೆ ಅನ್ನೋದನ್ನು ನಾನು ಸರಿಯಾಗಿ ತಿಳ್ಕೊಂಡಿದ್ದು ಕಂಪನಿ ಕೆಲಸಕ್ಕೆ ಟೊರಾಂಟೊಗೆ ಹೋದಾಗ. ಒಂದು ಭಾನುವಾರ ಟೀಮಿನವರು ಅಲ್ಲಿನ ಹಾಕಿ ಹಾಲ್ ಆಫ್ ಫೇಮ್‌ಗೆ ಕರ್ಕೊಂಡು ಹೋದ್ರು. ಸ್ಟಾನ್ಲಿ ಕಪ್ ನೋಡೋಕೆ. ಗೆದ್ದ ತಂಡದ ಆಟಗಾರರ ಹೆಸರುಗಳನ್ನು ಆ ಕಪ್ಪಿನ ಮೇಲೇ ಕೆತ್ತುತ್ತಾರೆ. ಓದ್ತಾ ಹೋದವನು 2004-05ರ ಹತ್ತಿರ ನಿಂತುಬಿಟ್ಟೆ. ಅಲ್ಲಿ ಒಂದೂ ಹೆಸರಿಲ್ಲ. ಆ ಸೀಸನ್ ಆಡಲಿಲ್ಲ ಅಂತ ಮಾತ್ರ ಕೆತ್ತಿದ್ದಾರೆ.

ಎರಡು ಮಹಾಯುದ್ಧಗಳಿಗೂ ನಿಲ್ಲದ ಕಪ್ಪು ಅದು. 1919ರಲ್ಲಿ ಒಮ್ಮೆ ಮಾತ್ರ, ಇನ್‌ಫ್ಲುಯೆಂಜಾ ಬಂದು ಫೈನಲ್ ಅರ್ಧಕ್ಕೇ ನಿಂತಿತ್ತು. ಮಾಂಟ್ರಿಯಲ್ ತಂಡದ ಜೋ ಹಾಲ್ ಅದೇ ಕಾಯಿಲೆಯಿಂದ ತೀರಿಕೊಂಡರು.

2004ರಲ್ಲಿ ಕಾಯಿಲೆ ಇರಲಿಲ್ಲ, ದುಡ್ಡಿನ ಜಗಳ ಇತ್ತು. ಸೆಪ್ಟೆಂಬರ್‌ನಲ್ಲಿ ಆಟಗಾರರ ಜೊತೆಗಿನ ಒಪ್ಪಂದ ಮುಗಿಯಿತು. ಎನ್‌ಎಚ್‌ಎಲ್‌ನ 30 ತಂಡಗಳ ಮಾಲೀಕರು ಬಾಗಿಲು ಹಾಕಿದರು. ಇದು ಆಟಗಾರರ ಮುಷ್ಕರ ಅಲ್ಲ, ಮಾಲೀಕರ ಲಾಕೌಟ್. ಆದಾಯದ ಮುಕ್ಕಾಲು ಭಾಗ ಸಂಬಳಕ್ಕೇ ಹೋಗ್ತಿದೆ, ಒಂದು ತಂಡ ಇಷ್ಟೇ ಸಂಬಳ ಕೊಡಬೇಕು ಅಂತ ಮಿತಿ ಬೇಕು ಎಂಬುದು ಮಾಲೀಕರ ವಾದ. ಆ ಲೆಕ್ಕವನ್ನೇ ಆಟಗಾರರ ಸಂಘ ನಂಬಲಿಲ್ಲ. ಡಿಸೆಂಬರ್‌ನಲ್ಲಿ ಸಂಘವೇ ಸಂಬಳದಲ್ಲಿ ಶೇ. 24 ಬಿಟ್ಟುಕೊಡ್ತೀವಿ ಅಂದಿತು. ಫೆಬ್ರವರಿಯಲ್ಲಿ ಮಿತಿಗೂ ಒಪ್ಪಿತು. ಕೊನೆಗೆ ಉಳಿದದ್ದು ಮಿತಿ ಎಷ್ಟು ಅನ್ನೋ ಪ್ರಶ್ನೆ. ಲೀಗ್ ಹೇಳಿದ್ದು ತಂಡಕ್ಕೆ 4.25 ಕೋಟಿ ಡಾಲರ್, ಸಂಘ ಕೇಳಿದ್ದು 4.9 ಕೋಟಿ. 2005ರ ಫೆಬ್ರವರಿ 16ರಂದು ಕಮಿಷನರ್ ಗ್ಯಾರಿ ಬೆಟ್‌ಮನ್ ಸೀಸನ್ ರದ್ದು ಅಂತ ಘೋಷಿಸಿದರು. 1,230 ಲೀಗ್ ಪಂದ್ಯಗಳಲ್ಲಿ ಒಂದೂ ನಡೆಯಲಿಲ್ಲ.

ಜುಲೈನಲ್ಲಿ ರಾಜಿ ಆಯಿತು. ಮಿತಿ 3.9 ಕೋಟಿ, ಅಂದರೆ ಫೆಬ್ರವರಿಯಲ್ಲಿ ಬೇಡ ಅಂದಿದ್ದಕ್ಕಿಂತಲೂ ಕಡಿಮೆ! ಶೇ. 24ರ ಕಡಿತವೂ ಉಳಿಯಿತು.

ಹಾಗಂತ ಆಟಗಾರರು ಪೂರ್ತಿ ಸೋತರು ಅನ್ನೋಕಾಗಲ್ಲ. ಆಮೇಲೆ ಆದಾಯ ಏರಿತು, 2008-09ರ ಹೊತ್ತಿಗೆ ಮಿತಿ 5.67 ಕೋಟಿಗೆ ಹೋಯಿತು. ಆದ್ರೆ ಆ ಏರಿಕೆ ಸಿಕ್ಕಿದ್ದು ಅಲ್ಲಿಯವರೆಗೆ ಆಡ್ತಾ ಉಳಿದವರಿಗೆ. ಆ ಚಳಿಗಾಲದಲ್ಲಿ ನೂರಾರು ಆಟಗಾರರು ಯುರೋಪಿಗೆ ಹೋಗಿ ಆಡಿದರು. ಸ್ಟೇಡಿಯಂ ಬಾಗಿಲಲ್ಲಿ ಟಿಕೆಟ್ ಹರಿಯುವವರಿಗೆ, ಒಳಗೆ ಪಾಪ್‌ಕಾರ್ನ್ ಮಾರುವವರಿಗೆ ಆ ದಾರಿ ಇರಲಿಲ್ಲ. ಮಾತುಕತೆಯ ಮೇಜಿನಲ್ಲಿ ಅವರಿಗೆ ಕುರ್ಚಿಯೂ ಇರಲಿಲ್ಲ.

ಮಾರ್ಕ್ ಮೆಸಿಯೆ ಅಂತ ಒಬ್ಬ ಆಟಗಾರ. 43ನೇ ವಯಸ್ಸಿಗೆ ಅವರು 1,756 ಪಂದ್ಯ ಆಡಿದ್ದರು. ಗೋರ್ಡಿ ಹೋವ್ ದಾಖಲೆ 1,767. ಬಾಕಿ ಇದ್ದದ್ದು ಹನ್ನೊಂದೇ. ಲಾಕೌಟ್ ಇಲ್ಲದಿದ್ದರೆ ಆ ವರ್ಷ ಆಡುತ್ತಿದ್ದರೋ ಇಲ್ಲವೋ, ಯಾರೂ ಹೇಳೋಕಾಗಲ್ಲ. 2005ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಹೇಳಿಬಿಟ್ಟರು.

ಅಪ್ರೈಸಲ್ ಟೈಮಲ್ಲಿ ನಾವೂ ಹಟ ಹಿಡೀತೀವಿ, 'ನೋಡೇಬಿಡೋಣ' ಅಂತೀವಿ. ಹಟ ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಕಳೆದುಹೋಗುವ ಒಂದು ವರ್ಷದ ಬೆಲೆ ಇಪ್ಪತ್ತರ ಹುಡುಗನಿಗೂ ನಲವತ್ತು ದಾಟಿದವನಿಗೂ ಒಂದೇ ಅಲ್ಲ.

ವಾಪಸ್ ಬರುವಾಗ ಕಪ್ಪಿನ ಮೇಲೆ ಮೆಸಿಯೆ ಹೆಸರು ಹುಡುಕಿದೆ. ಆರು ಸಲ ಇದೆ.