ಬಾದಾಮಿಯ ಕಲ್ಮನೆಯೂ ಅದರ ಎರಡು ಶಾಸನಗಳೂ

ಬಾಗಲಕೋಟೆ ಜಿಲ್ಲೆಯ ಬಾದಾಮಿಯು ಈಗ ಒಂದು ಸಣ್ಣ ಪಟ್ಟಣ. ಎರಡು ಕೆಂಬಂಡೆಯ ಬೆಟ್ಟಗಳ ನಡುವೆ ಅಗಸ್ತ್ಯತೀರ್ಥವೆಂಬ ಕೆರೆ. ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳು. ಉತ್ತರದ ಬೆಟ್ಟದಲ್ಲಿ ಕೋಟೆಯೂ ಶಿವಾಲಯಗಳೂ. ಕೆರೆಯ ಪೂರ್ವಕ್ಕೆ ಭೂತನಾಥನ ಗುಡಿಗಳು. ಇಲ್ಲಿಗೆ ಬರುವ ಯಾತ್ರಿಕರು ಮೊದಲನೆಯ ಗುಹೆಯ ಹದಿನೆಂಟು ತೋಳುಗಳ ನಟರಾಜನನ್ನೂ ಮೂರನೆಯ ಗುಹೆಯ ವಿಷ್ಣುಮೂರ್ತಿಗಳನ್ನೂ ಕಂಡು ಬೆರಗಾಗಿ ಹಿಂದಿರುಗುವರು. ಅದು ಸಹಜವೇ. ಆದರೆ ಅದೇ ಬಂಡೆಗಳ ಮೇಲಿನ ಅಕ್ಷರಗಳತ್ತ ಅವರ ದೃಷ್ಟಿ ಹರಿಯುವುದು ಅಪೂರ್ವ. ಕನ್ನಡ ಭಾಷೆಯ ಚರಿತ್ರೆಗೆ ಶಿಲ್ಪಗಳಿಗಿಂತಲೂ ಈ ಅಕ್ಷರಗಳೇ ಹೆಚ್ಚಿನ ಸಾಕ್ಷಿಗಳೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಇಲ್ಲಿಯ ಚಾಲುಕ್ಯ ಶಾಸನಗಳಲ್ಲಿ ಪ್ರಾಚೀನವಾದುದು ಒಂದನೆಯ ಪುಲಕೇಶಿಯದು. ಉತ್ತರದ ಬೆಟ್ಟದ ಕಡಿದಾದ ಬಂಡೆಯ ಮೇಲಿರುವ ಈ ಸಂಸ್ಕೃತ ಲೇಖವು ಶಕವರ್ಷ 465, ಎಂದರೆ ಕ್ರಿ. ಶ. 543ರದು. ಅಶ್ವಮೇಧವನ್ನು ಮಾಡಿದ ವಲ್ಲಭೇಶ್ವರನು ವಾತಾಪಿಯ ಗಿರಿಯನ್ನು ದುರ್ಗವನ್ನಾಗಿ ಮಾಡಿಸಿದನೆಂಬುದಿಷ್ಟೇ ಅದರ ತಾತ್ಪರ್ಯ. ನಗರದ ಹುಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ಕಾಲನಿರ್ದೇಶವು ಬೇರೆ ಬೇಕಿಲ್ಲ. ಇಲ್ವಲ ವಾತಾಪಿಗಳ ಪುರಾಣಕಥೆಯನ್ನೇ ಚರಿತ್ರೆಯೆಂದು ಹೇಳುವವರು ಈ ಬಂಡೆಯ ಬಳಿಗೆ ಒಮ್ಮೆ ಹೋಗಿಬರುವುದು ಲೇಸು.

ಇನ್ನು ಮೂರನೆಯ ಗುಹೆ. ನಾಲ್ಕು ಗುಹೆಗಳಲ್ಲಿ ತನ್ನ ಕಾಲವನ್ನು ತಾನೇ ಹೇಳುವುದು ಇದೊಂದೇ. ಮೊಗಸಾಲೆಯ ಅರೆಗಂಬದ ಮೇಲಿನ ಸಂಸ್ಕೃತ ಶಾಸನವು ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕ 500ರ ಕಾರ್ತಿಕ ಪೌರ್ಣಮಿಯಂದು, ಎಂದರೆ ಕ್ರಿ. ಶ. 578ರಲ್ಲಿ ಹುಟ್ಟಿದುದು. ಕೀರ್ತಿವರ್ಮನ ತಮ್ಮನಾದ ಮಂಗಲೇಶನು ಈ ಮಹಾವಿಷ್ಣುಗೃಹವನ್ನು ಮಾಡಿಸಿ, ಲಂಜೀಶ್ವರವೆಂಬ ಗ್ರಾಮವನ್ನು ದತ್ತಿಯಿತ್ತನು. ನಾರಾಯಣಬಲಿ, ಪ್ರತಿದಿನವೂ ಹದಿನಾರು ಬ್ರಾಹ್ಮಣರಿಗೆ ಅನ್ನಸತ್ರ, ಮಿಕ್ಕುದರಲ್ಲಿ ಪರಿವ್ರಾಜಕರ ಭೋಜನ, ಇವು ದತ್ತಿಯ ವಿನಿಯೋಗ. ಪುಣ್ಯಫಲವನ್ನು ಮಾತ್ರ ತಾನಿಟ್ಟುಕೊಳ್ಳದೆ, ಆದಿತ್ಯಾಗ್ನಿಗಳೂ ಮಹಾಜನರೂ ನೋಡುತ್ತಿರಲಾಗಿ ಅಣ್ಣನಿಗೆ ಧಾರೆಯೆರೆದನು. ಮುಂದೆ ಇದೇ ಮಂಗಲೇಶನು ಅಣ್ಣನ ಮಗನಾದ ಇಮ್ಮಡಿ ಪುಲಕೇಶಿಯೊಡನೆ ರಾಜ್ಯಕ್ಕಾಗಿ ಕಾದಿ ಮಡಿದನೆಂಬುದನ್ನು ನೆನೆದರೆ ಈ ಧಾರೆಯ ಮಾತು ಓದುವವರ ಮನಸ್ಸನ್ನು ಕಲಕದಿರದು.

ಅದೇ ಗುಹೆಯ ಬಳಿಯ ಬಂಡೆಯಲ್ಲಿ ಇನ್ನೊಂದು ಲೇಖವಿದೆ. ಅದು ಚಿಕ್ಕದು, ತೇದಿಯಿಲ್ಲದ್ದು, ಕನ್ನಡದ್ದು. ಪೃಥಿವೀವಲ್ಲಭನಾದ ಮಂಗಳೀಸನು ‘ಕಲ್ಮನೆ’ಗೆ ಲಂಜಿಗೇಸರವನ್ನು ಇತ್ತನೆಂದೂ, ಅದರಲ್ಲಿ ದೇವರಿಗೆ ಹೂ ಕಟ್ಟುವ ಮಾಲಾಕಾರರಿಗೆ ಭಾಗವುಂಟೆಂದೂ, ಇದನ್ನು ಕೆಡಿಸಿದವನು ಪಂಚಮಹಾಪಾತಕನಾಗಿ ಏಳನೆಯ ನರಕದಲ್ಲಿ ಹುಳುವಾಗುವನೆಂದೂ ಅದು ಸಾರುತ್ತದೆ. 578ರಲ್ಲಿ ತಮ್ಮನ ಸ್ಥಾನದಲ್ಲಿ ನಿಂತವನು ಇಲ್ಲಿ ಪೃಥಿವೀವಲ್ಲಭನೆನಿಸಿರುವುದರಿಂದ ಈ ಲೇಖವು ಅವನು ಪಟ್ಟವೇರಿದ ಮೇಲಿನದು, ಎಂದರೆ ಆರನೆಯ ಶತಮಾನದ ಕೊನೆಗೂ 610ಕ್ಕೂ ನಡುವಿನದು. ಹಲ್ಮಿಡಿಯ ಶಾಸನದ ತರುವಾಯ ಕನ್ನಡಕ್ಕೆ ಇಷ್ಟು ಕಿರಿದಾದ ಕಾಲಾವಧಿಯಲ್ಲಿ ನಿಲ್ಲಿಸಬಹುದಾದ ಶಿಲಾಲೇಖಗಳು ಬಹಳವಿಲ್ಲ.

ಒಂದೇ ಗುಹೆಯು ಸಂಸ್ಕೃತದಲ್ಲಿ ಮಹಾವಿಷ್ಣುಗೃಹ, ಕನ್ನಡದಲ್ಲಿ ಕಲ್ಮನೆ. ಮಂಗಲೇಶನು ಮಂಗಳೀಸನಾಗಿದ್ದಾನೆ, ಲಂಜೀಶ್ವರವು ಲಂಜಿಗೇಸರವಾಗಿದೆ. ‘ಮಂಗಳೀಸನಾ’, ‘ನರಕದಾ’ ಎಂಬಲ್ಲಿ ಷಷ್ಠೀವಿಭಕ್ತಿಯ ದೀರ್ಘವು ಪೂರ್ವದ ಹಳಗನ್ನಡದ ಗುರುತು. ಪಾಠ ಹೇಳುವ ಉಪಾಧ್ಯಾಯರು ವ್ಯಾಕರಣದ ಸೂತ್ರಗಳಿಗಿಂತ ಮೊದಲು ಈ ರೂಪಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ. ಸಂಸ್ಕೃತದ ಸೊಲ್ಲನ್ನು ಅಕ್ಷರಶಃ ಅನುವಾದಿಸದೆ, ಕಲ್ಲಿನ ಮನೆಯನ್ನು ಕಲ್ಮನೆಯೆಂದೇ ಕರೆಯುವ ಧೈರ್ಯ ಆ ಬರೆಹಗಾರನಿಗಿದ್ದಿತು.

ವಂಶ, ಪುಣ್ಯ, ಬ್ರಾಹ್ಮಣಭೋಜನಗಳು ದೇವಭಾಷೆಯಲ್ಲಿಯೂ ಹೂವಾಡಿಗರ ಪಾಲು ದೇಶಭಾಷೆಯಲ್ಲಿಯೂ ಇರುವುದರಿಂದ ಕನ್ನಡಕ್ಕೆ ಕೆಳಗಣ ಕೆಲಸಗಳು ಮಾತ್ರ ಸಂದಿದ್ದವೆಂದು ಕೆಲವರು ವಾದಿಸಬಹುದು. ಕಾರ್ಯವಿಭಾಗವಿದ್ದುದು ದಿಟ. ಆದರೆ ಕನ್ನಡ ಲೇಖದಲ್ಲಿಯೂ ರಾಜನ ಬಿರುದಿದೆ, ದತ್ತಿಯ ಗ್ರಾಮದ ಹೆಸರಿದೆ, ದತ್ತಿಯನ್ನು ಕಾಯುವ ಶಾಪವಿದೆ. ಹೂ ಕಟ್ಟುವವನ ಹಕ್ಕನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಬಂಡೆಯ ಮೇಲೆ ಕೊರೆಯಿಸಿದುದನ್ನು ಕೀಳೆಂದು ಎಣಿಸುವುದು ಹೇಗೆ? ಅದು ನ್ಯಾಯವ್ಯವಸ್ಥೆಯ ಭಾಷೆಯೆಂದು ತಿಳಿಯುವುದೇ ಸರಿಯಾದುದು.

ನಗರದ ಮುಂದಿನ ಕಥೆ ದುಃಖಕರ. ಪಲ್ಲವರ ನರಸಿಂಹವರ್ಮನು 642ರ ಸುಮಾರಿಗೆ ವಾತಾಪಿಯನ್ನು ಹಿಡಿದು, ತನ್ನ ಹದಿಮೂರನೆಯ ಆಳ್ವಿಕೆಯ ವರ್ಷವನ್ನು ಕಾಣಿಸಿ ಇಲ್ಲಿಯ ಬಂಡೆಯೊಂದರಲ್ಲಿ ಸಂಸ್ಕೃತದಲ್ಲಿ ಬರೆಯಿಸಿದನು. ಆ ಲೇಖವು ಬಹುಮಟ್ಟಿಗೆ ಸವೆದುಹೋಗಿದೆ. ಒಂದನೆಯ ವಿಕ್ರಮಾದಿತ್ಯನು 655ರ ಹೊತ್ತಿಗೆ ರಾಜ್ಯವನ್ನು ಮರಳಿ ನಿಲ್ಲಿಸಿದನು.

ಅನಂತರದ ಅರ್ಧ ಶತಮಾನದೊಳಗೆ, ಕ್ರಿ. ಶ. 700ರ ಸುಮಾರಿಗೆ, ಕೆರೆಯ ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವು ಕಾಣಬರುತ್ತದೆ. ಅದರಲ್ಲಿ ಒಂದು ಸಂಸ್ಕೃತ ಶ್ಲೋಕವೂ ಮೂರು ಕನ್ನಡ ತ್ರಿಪದಿಗಳೂ ಇವೆ. ಫ್ಲೀಟರು 1881ರಲ್ಲಿ ಇದನ್ನು ಪ್ರಕಟಿಸಿದರು. ಅರಭಟ್ಟನು ಅರಸನಲ್ಲ, ಇದು ದತ್ತಿಯ ಪತ್ರವೂ ಅಲ್ಲ. ಒಳ್ಳೆಯವರಿಗೆ ಒಳ್ಳೆಯವನಾಗಿ, ಕೆಣಕಿದವರಿಗೆ ಕಡುಗಲಿಯಾಗಿದ್ದ ಒಬ್ಬ ಮನುಷ್ಯನ ಗುಣಕೀರ್ತನೆ. ನೂರು ವರ್ಷಗಳ ಹಿಂದೆ ಹೂವಿನ ಭಾಗವನ್ನು ಗೊತ್ತುಮಾಡಿದ ಭಾಷೆಯು ಇಲ್ಲಿ ಸಂಸ್ಕೃತದೊಡನೆ ಒಂದೇ ಕಲ್ಲನ್ನು ಹಂಚಿಕೊಂಡು, ತನ್ನದೇ ದೇಸಿ ಛಂದಸ್ಸಿನಲ್ಲಿ, ಸಂಸ್ಕೃತಕ್ಕಿಂತ ಹೆಚ್ಚಿನ ಜಾಗವನ್ನು ಪಡೆದಿದೆ. ಕವಿರಾಜಮಾರ್ಗಕ್ಕೆ ಇನ್ನೂ ಒಂದೂವರೆ ಶತಮಾನವಿದ್ದಿತು. ಸಾಹಿತ್ಯಚರಿತ್ರೆಯನ್ನು ಆ ಗ್ರಂಥದಿಂದಲೇ ಮೊದಲುಮಾಡುವ ರೂಢಿಗೆ ಈ ಬಂಡೆಯು ಸ್ಪಷ್ಟವಾದ ಆಕ್ಷೇಪ.

ಉತ್ತರದ ಬೆಟ್ಟದ ತಪ್ಪಲಲ್ಲಿ ಏಳನೆಯ ಶತಮಾನದ ಮಾಲೆಗಿತ್ತಿ ಶಿವಾಲಯವಿದೆ. ಹೆಸರನ್ನು ಕೇಳಿದೊಡನೆ ಕಲ್ಮನೆಯ ಮಾಲಾಕಾರರು ನೆನಪಿಗೆ ಬರುವರಾದರೂ ಅವೆರಡನ್ನು ಬೆಸೆಯಲು ಶಾಸನಾಧಾರವಿಲ್ಲ. ಆ ಗುಡಿಯ ಕಂಬವು ಹೇಳುವುದು ಬೇರೊಬ್ಬನ ಹೆಸರನ್ನು: ಆರ್ಯಮಿಂಚಿ ಉಪಾಧ್ಯಾಯನೆಂಬ ಶಿಲ್ಪಿಯ ಹೆಸರನ್ನು.