ಇಂಟರ್ನೆಟ್ ರೇಡಿಯೋ ರೆಕಾರ್ಡ್ ಮಾಡಿ ಎಂಪಿ3 ಪ್ಲೇಯರ್‌ನಲ್ಲಿ ಕೇಳಬಹುದೇ? ಲಿಂಕ್ ಉಳಿಸಿಕೊಂಡರೆ ಸಾಲದು

ವಾಕಿಂಗ್‌ಗೆ ಫೋನ್ ಒಯ್ಯಲು ಇಷ್ಟವಿಲ್ಲದವರು, ನೆಟ್‌ವರ್ಕ್ ಸಿಗದ ಘಾಟಿ ರಸ್ತೆಯಲ್ಲಿ ಓಡಾಡುವವರು, ಸ್ಮಾರ್ಟ್‌ಫೋನ್ ಬಳಸದ ಅಪ್ಪ ಅಮ್ಮನಿಗೆ ಕೇಳಲು ಏನಾದರೂ ತುಂಬಿಸಿಕೊಡಬೇಕು ಎನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಇಂಟರ್ನೆಟ್‌ನಲ್ಲಿ ಬರುವ ರೇಡಿಯೋ ಕಾರ್ಯಕ್ರಮವನ್ನು ಎಂಪಿ3 ಪ್ಲೇಯರ್‌ಗೋ ಮೆಮೊರಿ ಕಾರ್ಡ್ ಹಾಕುವ ಸ್ಪೀಕರ್‌ಗೋ ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಹುದು. ಆದರೆ ಈ ವಿಷಯದಲ್ಲಿ ಕೆಲವು ತಪ್ಪು ತಿಳಿವಳಿಕೆಗಳಿವೆ. ಒಂದೊಂದಾಗಿ ನೋಡೋಣ.

ಮೊದಲು ತಿಳಿಯಬೇಕಾದದ್ದು

ಡೌನ್‌ಲೋಡ್ ಮಾಡಿದ ಹಾಡು ಒಂದು ಫೈಲ್. ಅದಕ್ಕೆ ಆರಂಭ, ಅಂತ್ಯ ಎರಡೂ ಇವೆ. ಲೈವ್ ರೇಡಿಯೋ ಹಾಗಲ್ಲ, ಅದು ನಲ್ಲಿಯ ನೀರಿನಂತೆ ಹರಿಯುತ್ತಲೇ ಇರುತ್ತದೆ. ಇದನ್ನೇ ಸ್ಟ್ರೀಮ್ ಎನ್ನುತ್ತೇವೆ. ನಿಮ್ಮ ಫೋನ್ ಕೆಲವು ಸೆಕೆಂಡುಗಳಷ್ಟು ಧ್ವನಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು, ಕೇಳಿಸಿ, ಅಳಿಸಿಬಿಡುತ್ತದೆ. ರೆಕಾರ್ಡಿಂಗ್ ಎಂದರೆ ಅಳಿಸಿ ಹೋಗುವ ಆ ಧ್ವನಿಯನ್ನು ಬಂದಹಾಗೆಯೇ ಫೈಲ್‌ನಲ್ಲಿ ಹಿಡಿದಿಡುವುದು.

ಹಾಗಾಗಿ ಒಂದು ಗಂಟೆಯ ಲೈವ್ ಕಾರ್ಯಕ್ರಮ ರೆಕಾರ್ಡ್ ಮಾಡಲು ಒಂದು ಗಂಟೆಯೇ ಬೇಕು. ಅದೇ ಕಾರ್ಯಕ್ರಮ ಪಾಡ್‌ಕಾಸ್ಟ್ ಆಗಿ ಸಿಗುವುದಾದರೆ ಕೆಲವೇ ನಿಮಿಷಗಳಲ್ಲಿ ಡೌನ್‌ಲೋಡ್ ಆಗುತ್ತದೆ. ಮೊದಲು ಅದನ್ನು ಹುಡುಕಿ.

ನಂಬಿಕೆ 1: ಸ್ಟೇಷನ್‌ನ ಫೈಲ್ ಕಾಪಿ ಮಾಡಿದರೆ ಸಾಕು

ತಪ್ಪು. ರೇಡಿಯೋ ತಾಣಗಳಲ್ಲಿ ಎಂ3ಯು ಅಥವಾ ಪಿಎಲ್‌ಎಸ್ ಎಂಬ ಫೈಲ್‌ಗಳು ಸಿಗುತ್ತವೆ. ಗಾತ್ರ ನೋಡಿ: ಒಂದು ಕೆಬಿಯೂ ಇರುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗಿರುವುದು ಸ್ಟ್ರೀಮ್‌ನ ವಿಳಾಸ ಮಾತ್ರ. ಮನೆಯ ವಿಳಾಸ ಬರೆದ ಚೀಟಿ ಮನೆಯಾಗುವುದಿಲ್ಲ. ಇಂಟರ್ನೆಟ್ ಇಲ್ಲದ ಪ್ಲೇಯರ್‌ನಲ್ಲಿ ಈ ಫೈಲ್‌ನಿಂದ ಏನೂ ಕೇಳಿಸದು. ಆದರೆ ರೆಕಾರ್ಡ್ ಮಾಡಲು ಇದೇ ವಿಳಾಸ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ.

ನಂಬಿಕೆ 2: ರೆಕಾರ್ಡ್ ಮಾಡಿದರೆ ದುಪ್ಪಟ್ಟು ಡೇಟಾ ಖರ್ಚು

ಕೇಳುವ ಆ್ಯಪ್‌ನಲ್ಲೇ ರೆಕಾರ್ಡ್ ಮಾಡಿದರೆ ಹೆಚ್ಚುವರಿ ಡೇಟಾ ಬೇಕಿಲ್ಲ. ಒಂದರಲ್ಲಿ ಕೇಳುತ್ತಾ ಇನ್ನೊಂದರಲ್ಲಿ ರೆಕಾರ್ಡ್ ಮಾಡಿದರೆ ಮಾತ್ರ ಎರಡು ಪಟ್ಟು ಆಗುತ್ತದೆ.

ಖರ್ಚಿನ ಲೆಕ್ಕ ಸುಲಭ. ಸ್ಟ್ರೀಮ್ 128 ಕೆಬಿಪಿಎಸ್ ಇದ್ದರೆ ಸೆಕೆಂಡಿಗೆ 16 ಕಿಲೋಬೈಟ್. ಗಂಟೆಗೆ ಸುಮಾರು 58 ಎಂಬಿ. 64 ಕೆಬಿಪಿಎಸ್ ಆದರೆ ಗಂಟೆಗೆ ಸುಮಾರು 29 ಎಂಬಿ. ಅಂದರೆ 8 ಜಿಬಿ ಮೆಮೊರಿ ಕಾರ್ಡ್‌ನಲ್ಲಿ 128 ಕೆಬಿಪಿಎಸ್‌ನ 130 ಗಂಟೆಗೂ ಹೆಚ್ಚು ಕಾರ್ಯಕ್ರಮ ಹಿಡಿಸುತ್ತದೆ.

ನಂಬಿಕೆ 3: 320 ಕೆಬಿಪಿಎಸ್‌ಗೆ ಬದಲಾಯಿಸಿದರೆ ಧ್ವನಿ ಚೆನ್ನಾಗುತ್ತದೆ

ಇಲ್ಲ. ಎಂಪಿ3, ಎಎಸಿ ಎರಡೂ ನಮ್ಮ ಕಿವಿಗೆ ಅಷ್ಟಾಗಿ ಗೊತ್ತಾಗದ ಧ್ವನಿಯ ವಿವರಗಳನ್ನು ಕೈಬಿಟ್ಟು ಗಾತ್ರ ಇಳಿಸುತ್ತವೆ. ಒಮ್ಮೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದರೆ ಅದು ಗಟ್ಟಿ ಹಾಲಾಗುತ್ತದೆಯೇ? 64 ಕೆಬಿಪಿಎಸ್‌ನಲ್ಲಿ ಬಂದದ್ದನ್ನು 320ಕ್ಕೆ ಏರಿಸಿದರೆ ಫೈಲ್ ಐದು ಪಟ್ಟು ದೊಡ್ಡದಾಗುತ್ತದೆ, ಅಷ್ಟೇ. ಬಂದ ರೂಪದಲ್ಲೇ ಉಳಿಸುವುದು ಉತ್ತಮ.

ರೆಕಾರ್ಡ್ ಮಾಡುವುದು ಹೇಗೆ?

ಕಂಪ್ಯೂಟರ್ ಇದ್ದರೆ ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಸಾಕು.

1. ವಿಎಲ್‌ಸಿಯ ಮೀಡಿಯಾ ಮೆನುವಿನಲ್ಲಿ ಓಪನ್ ನೆಟ್‌ವರ್ಕ್ ಸ್ಟ್ರೀಮ್ ಆರಿಸಿ, ಸ್ಟ್ರೀಮ್‌ನ ವಿಳಾಸ ಹಾಕಿ, ಪ್ಲೇ ಒತ್ತಿ.
2. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆರಿಸಿ. ಕೆಂಪು ಗುಂಡಿ ಕಾಣಿಸುತ್ತದೆ.
3. ಅದನ್ನು ಒತ್ತಿದರೆ ರೆಕಾರ್ಡಿಂಗ್ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಫೈಲ್ ಸಾಮಾನ್ಯವಾಗಿ ಮ್ಯೂಸಿಕ್ ಅಥವಾ ವಿಡಿಯೋಸ್ ಫೋಲ್ಡರ್‌ನಲ್ಲಿರುತ್ತದೆ.

ಸ್ಟ್ರೀಮ್‌ನ ವಿಳಾಸ ಸಿಗದಿದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರ್‌ನಲ್ಲಿ ಕೇಳಿಸುತ್ತಿರುವ ಧ್ವನಿಯನ್ನೇ ರೆಕಾರ್ಡ್ ಮಾಡಬಹುದು. ಆದರೆ ನಡುವೆ ಮೆಸೇಜ್ ಬಂದರೆ ಆ ಟಿಂಗ್ ಸದ್ದೂ ಸೇರಿಕೊಳ್ಳುತ್ತದೆ. ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ.

ಯಾವ ವಿಧಾನವಾದರೂ ಎರಡು ಎಚ್ಚರಿಕೆ ಬೇಕು. ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ರೆಕಾರ್ಡಿಂಗ್ ನಿಲ್ಲುತ್ತದೆ, ಆ ಸೆಟ್ಟಿಂಗ್ ಬದಲಿಸಿ. ಇಂಟರ್ನೆಟ್ ಪ್ರಸಾರ ಎಫ್‌ಎಂಗಿಂತ ತುಸು ತಡವಾಗಿ ಬರುತ್ತದೆ, ಕಾರ್ಯಕ್ರಮ ಮುಗಿದ ಮೇಲೂ ಎರಡು ಮೂರು ನಿಮಿಷ ಬಿಡಿ.

ಹೊರದೇಶದಲ್ಲಿರುವ ಕನ್ನಡಿಗರು ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಕೇಳಬಹುದು. ಅಂಥವರು ಗಡಿಯಾರವನ್ನೂ ಗಮನಿಸಬೇಕು. ಇಲ್ಲಿ ಸಂಜೆ 7 ಗಂಟೆಯಾದಾಗ ಲಂಡನ್‌ನಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 1.30, ಬೇಸಿಗೆಯಲ್ಲಿ 2.30.

ಪ್ಲೇಯರ್‌ನಲ್ಲಿ ಕೇಳಿಸದಿದ್ದರೆ?

ಫೈಲ್ ಕೆಟ್ಟಿದೆ ಎಂದು ಅಳಿಸಬೇಡಿ. ಕಡಿಮೆ ಬೆಲೆಯ ಹಲವು ಪ್ಲೇಯರ್‌ಗಳಿಗೆ ಎಂಪಿ3 ಗೊತ್ತು, ಎಎಸಿ ಗೊತ್ತಿಲ್ಲ. ವಿಎಲ್‌ಸಿಯ ಮೀಡಿಯಾ ಮೆನುವಿನಲ್ಲಿರುವ ಕನ್ವರ್ಟ್ ಆಯ್ಕೆಯಿಂದ ಫೈಲನ್ನು ಎಂಪಿ3 ಮಾಡಿ. ಇದರಿಂದ ಗುಣಮಟ್ಟ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಅಗತ್ಯವಿದ್ದರೆ ಮಾತ್ರ ಮಾಡಿ. ಪ್ಲೇಯರ್ ಆಫ್ ಮಾಡಿದಾಗ ಎಲ್ಲಿಗೆ ನಿಂತಿತ್ತು ಎಂಬುದನ್ನು ಮರೆಯುವ ಪ್ಲೇಯರ್‌ಗಳೂ ಇವೆ. ಹಿರಿಯರಿಗೆ ಕೊಡುವುದಾದರೆ ಮೂರು ಗಂಟೆಯ ಒಂದೇ ಫೈಲ್‌ಗಿಂತ ಅರ್ಧ ಗಂಟೆಯ ಆರು ಫೈಲ್ ವಾಸಿ.

ನಂಬಿಕೆ 4: ಉಚಿತವಾಗಿ ಬಂದದ್ದು, ಯಾರಿಗೆ ಬೇಕಾದರೂ ಕಳಿಸಬಹುದು

ಇಲ್ಲೇ ಎಡವುವ ಸಾಧ್ಯತೆ ಹೆಚ್ಚು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಪ್ರಸಾರವಾದದ್ದನ್ನು ಸ್ವಂತ ಖಾಸಗಿ ಬಳಕೆಗೆ ರೆಕಾರ್ಡ್ ಮಾಡಿಕೊಂಡರೆ ಅದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಲ್ಲ. ಖಾಸಗಿ ಬಳಕೆಯ ನ್ಯಾಯಯುತ ಮಿತಿಯ ಬಗ್ಗೆ 52ನೇ ಸೆಕ್ಷನ್ ಹೇಳುತ್ತದೆ. ಆದರೆ 200 ಜನರ ವಾಟ್ಸಾಪ್ ಗ್ರೂಪ್‌ಗೆ ಹಾಕುವುದು, ಯೂಟ್ಯೂಬ್‌ಗೆ ಏರಿಸುವುದು, ಮೆಮೊರಿ ಕಾರ್ಡ್‌ಗೆ ತುಂಬಿ ಮಾರುವುದು ಖಾಸಗಿ ಬಳಕೆ ಎನಿಸಿಕೊಳ್ಳದು. ಕೇಳಲು ಉಚಿತ ಎಂದರೆ ಹಂಚಲು ಅನುಮತಿ ಎಂದರ್ಥವಲ್ಲ. ಬೇರೆ ದೇಶದಲ್ಲಿರುವವರಿಗೆ ಆ ದೇಶದ ಕಾನೂನು ಅನ್ವಯಿಸುತ್ತದೆ.

ಕೊನೆಯ ಎಚ್ಚರಿಕೆ

‘ಎಲ್ಲ ರೇಡಿಯೋ ರೆಕಾರ್ಡ್ ಮಾಡುವ ಆ್ಯಪ್’ ಎಂದು ಯಾರಾದರೂ ಎಪಿಕೆ ಫೈಲ್ ಫಾರ್ವರ್ಡ್ ಮಾಡಿದರೆ ಇನ್‌ಸ್ಟಾಲ್ ಮಾಡಬೇಡಿ. ಪ್ಲೇ ಸ್ಟೋರ್ ಅಥವಾ ತಂತ್ರಾಂಶದ ಅಧಿಕೃತ ತಾಣದಿಂದಲೇ ಪಡೆಯಿರಿ. ರೇಡಿಯೋ ರೆಕಾರ್ಡ್ ಮಾಡುವ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಬೇಕಿಲ್ಲ. ಕೇಳಿತೆಂದರೆ ಅದರ ಕಣ್ಣು ನಿಮ್ಮ ಒಟಿಪಿ ಮೇಲಿರಬಹುದು.

ಸಾರಾಂಶ ಇಷ್ಟು: ಲಿಂಕ್ ಅಲ್ಲ, ಧ್ವನಿಯನ್ನು ಉಳಿಸಿ. ಬಂದ ಗುಣಮಟ್ಟದಲ್ಲೇ ಉಳಿಸಿ. ನಿಮಗಾಗಿ ಉಳಿಸಿ. ಬೇರೆಯವರಿಗೂ ಕೇಳಿಸಬೇಕು ಎನಿಸಿದರೆ ರೆಕಾರ್ಡಿಂಗ್ ಬದಲು ಸ್ಟೇಷನ್‌ನ ಹೆಸರು, ಕಾರ್ಯಕ್ರಮದ ಸಮಯ ಫಾರ್ವರ್ಡ್ ಮಾಡಿ.